ಮರೆತ ಶಾಸ್ತ್ರದಾನ: ಉನ್ನತ ಶಿಕ್ಷಣದ ಅನುದಾನವನ್ನು ಕುರಿತು

ಕಾಲೇಜು ಅಧ್ಯಾಪಕರಿಗಾಗಿ ನಡೆಯುವ ಕಾರ್ಯಾಗಾರಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಸಂಶೋಧನೆಗೆ ಹಣದ ಕೊರತೆಯಿಲ್ಲ, ಹಣ ಕೇಳುವ ಅರ್ಜಿಯನ್ನು ಸರಿಯಾಗಿ ಬರೆಯಬಲ್ಲವರ ಕೊರತೆ ಇದೆ ಎಂಬುದು ಆ ಮಾತು. ವೇದಿಕೆಯ ಮೇಲಿರುವ ಸಂಪನ್ಮೂಲ ವ್ಯಕ್ತಿ ದೆಹಲಿಯ ಸಂಸ್ಥೆಗಳ ಹೆಸರುಗಳನ್ನು ಓದಿ ಹೇಳುತ್ತಾರೆ. ಕೆಳಗೆ ಕುಳಿತವರು ಬರೆದುಕೊಳ್ಳುತ್ತಾರೆ. ಪ್ರಮಾಣಪತ್ರ ಪಡೆದು ಊರಿಗೆ ಮರಳುತ್ತಾರೆ. ಮರುವರ್ಷ ಅದೇ ಕಾರ್ಯಾಗಾರ, ಅದೇ ಪಟ್ಟಿ. ಈ ನಡುವೆ ಓದದೆ ಉಳಿದ ಶಾಸನ ಓದದೆಯೇ ಉಳಿದಿರುತ್ತದೆ, ಬಿಚ್ಚದ ಓಲೆಗರಿಯ ಕಟ್ಟು ಹಾಗೆಯೇ ಕಟ್ಟಿಕೊಂಡಿರುತ್ತದೆ.

ಈ ಮಾತು ಎಷ್ಟರ ಮಟ್ಟಿಗೆ ನಿಜವೆಂದು ತಿಳಿಯಲು ಅದನ್ನು ಒಂದು ಊರಿನ ಮುಂದೆ ಹಿಡಿದು ನೋಡಬೇಕು. ಹಾವೇರಿಗೂ ರಾಣೇಬೆನ್ನೂರಿಗೂ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಇದೆ. ಇಲ್ಲಿಯ ವಿದ್ಯಾರ್ಥಿ ಪದವಿಗಾಗಿ ಬ್ಯಾಡಗಿಗೋ ಹಾವೇರಿಗೋ ರಾಣೇಬೆನ್ನೂರಿಗೋ ಬಸ್ಸು ಹತ್ತುತ್ತಾನೆ. ಅವನಿಗೆ ಕನ್ನಡ ಕಲಿಸುವ ಅಧ್ಯಾಪಕರ ಕಣ್ಣೆದುರಿಗೇ ಈ ಊರಿನಲ್ಲಿ ಕನಿಷ್ಠ ಮೂರು ಸಂಶೋಧನಾ ಕಾರ್ಯಗಳು ಕಾದು ಕುಳಿತಿವೆ.

ಮೊದಲನೆಯದು ಶಾಸನಗಳದು. ಮೋಟೆಬೆನ್ನೂರು ಪ್ರಾಚೀನ ಬನವಾಸಿ ನಾಡಿಗೆ ಸೇರಿದ, ಕಲ್ಯಾಣದ ಚಾಲುಕ್ಯರ ಕಾಲದ ಜೈನ ಶಾಸನವುಳ್ಳ ಊರು. ಸುತ್ತಲಿನ ಗ್ರಾಮಗಳಲ್ಲಿ ವೀರಗಲ್ಲು, ನಿಸಿದಿಗಲ್ಲು, ದತ್ತಿಶಾಸನಗಳು ಹೊಲದ ಬದುವಿನಲ್ಲಿ, ಗುಡಿಯ ಹಿತ್ತಿಲಲ್ಲಿ, ಕೆರೆಯ ಏರಿಯ ಮೇಲೆ ನಿಂತಿವೆ. ಹೆದ್ದಾರಿ ಅಗಲವಾದಾಗ, ಗುಡಿಯ ಜೀರ್ಣೋದ್ಧಾರಕ್ಕೆ ಸಿಮೆಂಟು ಬಂದಾಗ ಇಂಥ ಕಲ್ಲುಗಳಿಗೆ ಅಪಾಯ ತಪ್ಪಿದ್ದಲ್ಲ. ಹಿಂದೆ ಅಚ್ಚಾದ ಪಾಠವನ್ನು ಕಲ್ಲಿನೊಂದಿಗೆ ಮತ್ತೊಮ್ಮೆ ಹೋಲಿಸಿ, ಕಲ್ಲು ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಊರೂರು ತಿರುಗಿ ದಾಖಲಿಸುವ ಕೆಲಸ ಆಗಬೇಕಾಗಿದೆ.

ಎರಡನೆಯದು ಮೈಲಾರ ಮಹಾದೇವಪ್ಪನವರದು. 1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿ, 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಈ ವ್ಯಕ್ತಿಯ ಹೆಸರು ಶಾಲೆಯ ಪಠ್ಯದಲ್ಲಿದೆ, ಅಂಚೆಚೀಟಿಯ ಮೇಲಿದೆ. ಆದರೆ ಆ ಕಾಲದ ಹಳ್ಳಿಗಳ ನೆನಪು ಇರುವುದು ಜನರ ಬಾಯಲ್ಲಿ: ಭೂಗತರಾದವರಿಗೆ ರೊಟ್ಟಿ ಕಟ್ಟಿಕೊಟ್ಟ ಮನೆಗಳು, ಸುದ್ದಿ ಸಾಗಿಸಿದ ಹುಡುಗರು, ಕಂದಾಯದ ಕಚೇರಿಯ ಮೇಲೆ ನಡೆದ ದಾಳಿಯ ಹಿಂದುಮುಂದು. 1943ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತು ದಾಟಿದ್ದಾರೆ. ಈ ಯೋಜನೆಗೆ ಮಂಜೂರಾತಿ ಬರುವವರೆಗೆ ಕಾಯುವ ಶಕ್ತಿ ಅವರಿಗಿಲ್ಲ.

ಮೂರನೆಯದು ಭಾಷೆಯದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕಡ್ಡಿ, ಡಬ್ಬಿ ಎಂಬ ತಳಿಭೇದದಿಂದ ಹಿಡಿದು ಕಾಯಿಯನ್ನು ಒಣಗಿಸುವ, ಆರಿಸುವ, ತುಂಬುವ, ತೂಗುವ, ಲಿಲಾವು ಮಾಡುವ ಒಂದೊಂದು ಹಂತಕ್ಕೂ ರೈತರಲ್ಲಿ, ಹಮಾಲರಲ್ಲಿ, ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಲ್ಲಿ, ಅಡತಿ ಅಂಗಡಿಯ ಗುಮಾಸ್ತರಲ್ಲಿ ಬೇರೆ ಬೇರೆ ಮಾತುಗಳಿವೆ. ಬೆಳೆಗೆ ಮಾನ್ಯತೆ ಸಿಕ್ಕಿತು. ಬೆಳೆಯ ಸುತ್ತ ಬೆಳೆದ ಕನ್ನಡಕ್ಕೆ ಒಂದು ವೃತ್ತಿಪದಕೋಶವೂ ಬೇಕಲ್ಲವೇ?

ಮೂರೂ ಕೆಲಸಗಳಿಗೆ ಬೇಕಾಗುವುದು ಕೋಟಿಗಳಲ್ಲ. ಒಬ್ಬ ಕ್ಷೇತ್ರಸಹಾಯಕ, ಓಡಾಟದ ವೆಚ್ಚ, ಒಂದು ಧ್ವನಿಮುದ್ರಣ ಸಾಧನ, ಅಚ್ಚುಪಡಿ ತೆಗೆಯುವ ಕಾಗದ, ಕೊನೆಗೆ ಮುದ್ರಣದ ಖರ್ಚು. ಇಷ್ಟನ್ನು ಕೇಳಲು ಹೊರಟ ಅಧ್ಯಾಪಕರಿಗೆ ಯಾವ ಬಾಗಿಲು ತೆರೆದಿದೆ?

ಒಂದು ಕಾಲಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಿರು ಸಂಶೋಧನಾ ಯೋಜನೆ ಎಂಬುದಿತ್ತು. ಕೆಲವೇ ಲಕ್ಷಗಳ ಆ ನೆರವಿನಿಂದ ತಾಲ್ಲೂಕು ಕೇಂದ್ರಗಳ ಎಷ್ಟೋ ಕನ್ನಡ ಅಧ್ಯಾಪಕರು ಸ್ಥಳೀಯ ಇತಿಹಾಸ, ಜಾನಪದ, ಹಸ್ತಪ್ರತಿಗಳ ಮೇಲೆ ಕೆಲಸ ಮಾಡಿದರು. ಅದರಲ್ಲಿಯೂ ಷರತ್ತುಗಳಿದ್ದವು: ಕಾಲೇಜು ಆಯೋಗದ ಕಾಯ್ದೆಯ 2(ಎಫ್) ಮತ್ತು 12(ಬಿ) ಕಲಮುಗಳಡಿ ಮಾನ್ಯತೆ ಪಡೆದಿರಬೇಕು, ಅಧ್ಯಾಪಕ ಖಾಯಂ ಆಗಿರಬೇಕು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ಗೆ ಮುಗಿಯಿತು. ಅದರೊಂದಿಗೆ ಆ ಬಾಗಿಲೂ ಮುಚ್ಚಿತು. ಅಂದರೆ ಸಂಶೋಧನೆ ನಿಂತದ್ದು ವಿಷಯ ಮುಗಿದದ್ದರಿಂದಲ್ಲ, ಯೋಜನಾವಧಿ ಮುಗಿದದ್ದರಿಂದ.

ಅದರ ಬದಲಿಗೆ ಬಂದವುಗಳನ್ನು ನೋಡಬೇಕು. 2023ರ ಕಾಯ್ದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಯಿತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಅಂದಾಜು, ಅದರ ಬಹುಪಾಲು ಖಾಸಗಿ ಮೂಲಗಳಿಂದ ಬರಬೇಕೆಂಬ ನಿರೀಕ್ಷೆ. ಆದರೆ ಕಾಯ್ದೆ ಹೇಳುವ ಕ್ಷೇತ್ರ ಯಾವುದು? ನಿಸರ್ಗ ವಿಜ್ಞಾನ, ತಂತ್ರಜ್ಞಾನ, ಪರಿಸರ, ಆರೋಗ್ಯ, ಕೃಷಿ. ಮಾನವಿಕಗಳ ಮಟ್ಟಿಗೆ ಹೇಳುವುದಾದರೆ ವಿಜ್ಞಾನ ತಂತ್ರಜ್ಞಾನಗಳೊಂದಿಗೆ ಅವು ಸಂಧಿಸುವ ಭಾಗ ಮಾತ್ರ. ಪಂಪನನ್ನೋ ಶಾಸನವನ್ನೋ ಅಭ್ಯಸಿಸುವವನು ತನ್ನ ಕೆಲಸಕ್ಕೆ ಒಂದು ಯಂತ್ರವನ್ನು ತಗುಲಿಸದೆ ಆ ಅಂಗಳಕ್ಕೆ ಕಾಲಿಡುವಂತಿಲ್ಲ. 2023ರಲ್ಲಿ ಬಂದ ಪ್ರಧಾನಮಂತ್ರಿ ಉಚ್ಚತರ ಶಿಕ್ಷಾ ಅಭಿಯಾನಕ್ಕೆ ಮೂರು ವರ್ಷಗಳ ಅವಧಿಗೆ 12,926 ಕೋಟಿ ರೂಪಾಯಿ ನಿಗದಿಯಾಯಿತು. ಅದು ಪ್ರಧಾನವಾಗಿ ಕಟ್ಟಡ, ನವೀಕರಣ, ಉಪಕರಣಗಳ ಹಣ. 2025–26ರ ಕೇಂದ್ರ ಮುಂಗಡಪತ್ರ ಘೋಷಿಸಿದ ಜ್ಞಾನ ಭಾರತಂ ಅಭಿಯಾನ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಯ ಗುರಿ ಇಟ್ಟುಕೊಂಡಿದೆ, ಸ್ವಾಗತಾರ್ಹವೇ. ಆದರೆ ಛಾಯಾಪ್ರತಿ ತೆಗೆದ ಮಾತ್ರಕ್ಕೆ ಗ್ರಂಥ ಓದಿದಂತಾಗುವುದಿಲ್ಲ. ಹಳಗನ್ನಡ, ಪ್ರಾಕೃತ, ಸಂಸ್ಕೃತ ಮೂರೂ ಬಲ್ಲ, ಹಳೆಯ ಲಿಪಿಯ ಮೋಡಿ ಹಿಡಿಯಬಲ್ಲ ಮನುಷ್ಯನನ್ನು ಹತ್ತು ವರ್ಷ ಸಾಕಿದರೆ ಓದುಗ ಸಿದ್ಧನಾಗುತ್ತಾನೆ. ಹಾಗೆ ಸಾಕುವ ಕಲಮು ಯಾವ ಯೋಜನೆಯಲ್ಲೂ ಕಾಣುವುದಿಲ್ಲ.

ಜೈನ ವಿದ್ಯಾರ್ಥಿಗಳ ಮಟ್ಟಿಗೆ ಇನ್ನೊಂದು ಬಾಗಿಲೂ ಮುಚ್ಚಿದೆ. 2014ರ ಜನವರಿಯಲ್ಲಿ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿತರಾದ ಮೇಲೆ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಪಡೆಯುವ ಅವಕಾಶ ಒದಗಿತ್ತು. 2022–23ರಿಂದ ಅದನ್ನು ನಿಲ್ಲಿಸಿರುವುದಾಗಿ 2022ರ ಡಿಸೆಂಬರಿನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಇಷ್ಟರ ಮೇಲೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರಿದ್ದಾರೆ, ಅವರಲ್ಲಿ ಪಿಎಚ್‌.ಡಿ. ಮಾಡಿದವರೂ ಅನೇಕರು. ಖಾಯಂ ಹುದ್ದೆಯನ್ನು ಕೇಳುವ ಅರ್ಜಿನಮೂನೆಯ ಮುಂದೆ ಅವರ ವಿದ್ವತ್ತು ಲೆಕ್ಕಕ್ಕೇ ಬರುವುದಿಲ್ಲ. ಇವರೆಲ್ಲರ ಮುಂದೆ ನಿಂತು ಅರ್ಜಿ ಬರೆಯಲು ಕಲಿಯಿರಿ ಎಂದು ಉಪದೇಶಿಸುವುದು ಬಾವಿಯಲ್ಲಿ ನೀರಿಲ್ಲದಿರುವಾಗ ಹಗ್ಗ ಹೊಸೆಯಲು ಕಲಿಸಿದಂತೆ.

ಬಿಡಿ ಯೋಜನೆಗಳ ಪಾಡು ಇದಾದರೆ ಸಂಸ್ಥೆಗಳ ಪಾಡು ಬೇರೆಯಿಲ್ಲ. 2022ರ ಕಾಯ್ದೆ ತಿದ್ದುಪಡಿಯ ಫಲವಾಗಿ ಹಾವೇರಿಗೆ ಒಂದು ವಿಶ್ವವಿದ್ಯಾಲಯ ಬಂದಿತು. ಕೆರಿಮತ್ತಿಹಳ್ಳಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಅದರ ಆಧಾರವಾಯಿತು. 2023ರಲ್ಲಿ ಹಾವೇರಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಇಂಥ ವಿಶ್ವವಿದ್ಯಾಲಯಗಳಿಗೆ ಚಾಲನೆ ದೊರೆಯಿತು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಸಂಪನ್ಮೂಲದ ಕೊರತೆಯನ್ನು ಮುಂದಿಟ್ಟು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಹಾವೇರಿ ಆ ಪಟ್ಟಿಯಲ್ಲಿತ್ತು. ಹುಟ್ಟಿಸಿದ ಸರ್ಕಾರ ಒಂದು ಪಕ್ಷದ್ದು, ಮುಚ್ಚಲು ಹೊರಟದ್ದು ಇನ್ನೊಂದು ಪಕ್ಷದ್ದು ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ. ಎರಡೂ ಸರ್ಕಾರಗಳ ತಪ್ಪು ಒಂದೇ: ವಿದ್ಯಾಸಂಸ್ಥೆಯೆಂದರೆ ಒಂದು ಆದೇಶಪತ್ರ ಎಂದು ತಿಳಿದದ್ದು. ಆದೇಶದಿಂದ ಹುಟ್ಟಿದ್ದು ಆದೇಶದಿಂದಲೇ ಸಾಯಬಲ್ಲದು. ಅದರ ಹೆಸರಿನಲ್ಲಿ ವರ್ಷವರ್ಷವೂ ತಾನಾಗಿ ಫಲ ಕೊಡುವ ಒಂದು ಆಸ್ತಿಯನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಈ ನಾಡಿನ ಹಿರಿಯರು ಹೀಗೆ ಮಾಡುತ್ತಿರಲಿಲ್ಲವೆಂದು ಹೇಳಲು ಭಾವುಕತೆ ಬೇಕಿಲ್ಲ, ಶಾಸನಗಳೇ ಸಾಕು. ವಿಜಯಪುರ ಜಿಲ್ಲೆಯ ಸಾಲೋಟಗಿಯ 945ರ ಶಾಸನವನ್ನು ಗಮನಿಸಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು ಇದ್ದವು. 500 ನಿವರ್ತನ ಭೂಮಿ ಅದಕ್ಕೆ ಸಂದಿತು. ದೀಪದ ಎಣ್ಣೆಗೆ ಬೇರೆ ಭೂಮಿ, ಅಧ್ಯಾಪಕನಿಗೆ ಬೇರೆ ಭೂಮಿ. ಅದಕ್ಕಿಂತ ಮುಖ್ಯವಾದುದು, ಊರಿನವರು ಒಪ್ಪಿಕೊಂಡ ಕಟ್ಟಳೆ: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಸಲ್ಲಬೇಕು. ಮಂತ್ರಿಯ ದಾನವೊಂದನ್ನೇ ನೆಚ್ಚದೆ ಊರಿನ ಮನೆಮನೆಯ ಶುಭಕಾರ್ಯವನ್ನು ಶಾಲೆಯ ಆದಾಯಕ್ಕೆ ಜೋಡಿಸಿದ ಈ ಏರ್ಪಾಡು ಯಾವ ಯೋಜನಾ ಆಯೋಗದ ಬುದ್ಧಿಗಿಂತಲೂ ಕಡಮೆಯದಲ್ಲ.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನ ಇನ್ನೂ ಸೂಕ್ಷ್ಮವಾದುದು. 200 ವೇದವಿದ್ಯಾರ್ಥಿಗಳು, ಅವರಲ್ಲದೆ ಶಾಸ್ತ್ರವಿದ್ಯಾರ್ಥಿಗಳು, ಅಧ್ಯಾಪಕರು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಭಂಡಾರ ನೋಡಿಕೊಳ್ಳಲು ಆರು ಜನ! ಗ್ರಂಥಪಾಲಕನ ಹುದ್ದೆ ವರ್ಷಗಟ್ಟಲೆ ಖಾಲಿಯಿರುವ ಇಂದಿನ ಕಾಲೇಜುಗಳ ಮುಂದೆ ಈ ಸಂಖ್ಯೆಯನ್ನು ಬರೆದು ತೂಗುಹಾಕಬೇಕು. ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿ ಪಾಠವಾಗುತ್ತಿದ್ದ ವ್ಯಾಕರಣಗಳಲ್ಲಿ ಪಾಣಿನಿಯ ಜೊತೆಗೆ ಶಾಕಟಾಯನವನ್ನೂ ಎಣಿಸುತ್ತದೆ. ಶೈವಮಠವೊಂದರ ಆದಾಯದಿಂದ ಜೈನ ವೈಯಾಕರಣನ ಗ್ರಂಥದ ಪಾಠ ನಡೆಯುತ್ತಿತ್ತು. ದಾನಿಯ ಮತ ಯಾವುದಾದರೂ ವಿದ್ಯೆಯ ವಿಷಯವನ್ನು ವಿದ್ವಾಂಸನೇ ನಿರ್ಧರಿಸಬೇಕೆಂಬ ತಿಳಿವು ಅಲ್ಲಿತ್ತು. ಇಂದು ಅನುದಾನ ಕೊಡುವವರು ಆದ್ಯತಾ ವಲಯಗಳ ಪಟ್ಟಿ ಮಾಡಿ, ಅದಕ್ಕೆ ತಕ್ಕಂತೆ ವಿಷಯವನ್ನು ಹೊಲಿದು ತರಬೇಕೆಂದು ಅಧ್ಯಾಪಕರಿಗೆ ಹೇಳುತ್ತಾರೆ.

ಜೈನ ಪರಂಪರೆಯಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನಗಳು ನಾಲ್ಕು. ಶಾಸ್ತ್ರದಾನವೆಂದರೆ ಏನೆಂಬುದಕ್ಕೆ ಅತ್ತಿಮಬ್ಬೆಗಿಂತ ದೊಡ್ಡ ಭಾಷ್ಯವಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆಕೆ ಗ್ರಂಥಕ್ಕೆ ಕೈಮುಗಿದು ಸುಮ್ಮನಾದವಳಲ್ಲ. ಸಾವಿರ ಪ್ರತಿಯೆಂದರೆ ಸಾವಿರ ಪ್ರತಿಗೆ ಸಾಲುವಷ್ಟು ಗರಿ, ಮಸಿ, ಕಂಠ, ಲಿಪಿಕಾರರ ಊಟ, ಸಂಭಾವನೆ, ಸಾಗಣೆ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳೂ ಆಕೆಯೇ. ಆ ರನ್ನನಾದರೂ ಬಳೆಗಾರರ ಮನೆಯಲ್ಲಿ ಹುಟ್ಟಿ ವಿದ್ಯೆಯನ್ನರಸಿ ಹೊರಟವನು. ಅವನಿಗೂ ಚಾವುಂಡರಾಯನಿಗೂ ಗುರುವಾದ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿಯೇ ಗಂಗರ ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ಕೈಗೊಂಡದ್ದು. ಗುಣಭದ್ರರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದದ್ದೂ ಲೋಕಾದಿತ್ಯನ ಬಂಕಾಪುರದಲ್ಲಿ. ಮೋಟೆಬೆನ್ನೂರಿನಿಂದ ಬಂಕಾಪುರ ಇಂದು ಬಸ್ಸಿನಲ್ಲಿ ಕೆಲಹೊತ್ತಿನ ಹಾದಿ. ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ಪುಷ್ಪದಂತಾಚಾರ್ಯರು ರಚಿಸಿದ್ದು ವನವಾಸ ದೇಶದಲ್ಲಿ ಎಂದು ಪರಂಪರೆ ಹೇಳುತ್ತದೆ. ಸಂಶೋಧನೆಗೆ ಯೋಗ್ಯವಾದ ನೆಲವಲ್ಲ ಎಂದು ಈ ಜಿಲ್ಲೆಯನ್ನು ಯಾರೂ ತಳ್ಳಿಹಾಕುವಂತಿಲ್ಲ.

ಆ ಆಗಮದ ಧವಲಾ ಟೀಕೆ ಅಚ್ಚಾದ ಕಥೆಯೂ ಇಲ್ಲಿ ಪ್ರಸ್ತುತ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದ ಓಲೆಪ್ರತಿಗಳ ಪಾಠವನ್ನು ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ 1959ರವರೆಗೆ 16 ಸಂಪುಟಗಳಲ್ಲಿ ಹೊರತಂದರು. ಅವರ ಸಹಕಾರಿಗಳಲ್ಲಿ ಸದಲಗದ ಆ. ನೇ. ಉಪಾಧ್ಯೆಯವರೂ ಒಬ್ಬರು. ಇದಕ್ಕೆ ಬೆನ್ನಾಗಿ ನಿಂತದ್ದು ವಿದಿಶಾದ ಸೇಠ್ ಲಕ್ಷ್ಮೀಚಂದ್ರರ ಹೆಸರಿನ ಸಾಹಿತ್ಯೋದ್ಧಾರಕ ನಿಧಿ. ಇಪ್ಪತ್ತು ವರ್ಷ! ಎರಡು ವರ್ಷಕ್ಕೆ ವರದಿ, ಹಣ ಬಳಕೆ ಪ್ರಮಾಣಪತ್ರ, ಲೆಕ್ಕಪರಿಶೋಧಕರ ಮೊಹರು ಕೇಳುವ ಇಂದಿನ ಪದ್ಧತಿಯಲ್ಲಿ ಧವಲಾ ಎರಡನೆಯ ಸಂಪುಟದ ಹೊತ್ತಿಗೆ ಸ್ಥಗಿತವಾಗುತ್ತಿತ್ತು. ಲೆಕ್ಕ ಕೇಳುವುದು ತಪ್ಪಲ್ಲ. ವಿದ್ಯೆಯ ಕಾಲಮಾನವನ್ನು ಹಣಕಾಸು ವರ್ಷದ ಕಾಲಮಾನಕ್ಕೆ ಕತ್ತರಿಸುವುದು ತಪ್ಪು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅಗ್ರಹಾರ ಘಟಿಕಾಸ್ಥಾನಗಳ ವಿದ್ಯೆ ಎಲ್ಲರಿಗೂ ತೆರೆದಿರಲಿಲ್ಲ. ದತ್ತಿಭೂಮಿಯನ್ನು ಉತ್ತವನಿಗೆ ಅಲ್ಲಿ ಓದುವ ಹಕ್ಕಿರಲಿಲ್ಲ. ಹಾಗಿರುವಾಗ ಅದನ್ನು ಮಾದರಿಯೆಂದು ಹೇಗೆ ಹೇಳುವುದು? ಆಕ್ಷೇಪ ನ್ಯಾಯವಾದುದೇ. ಆದುದರಿಂದ ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಯಾರಿಗೆ ವಿದ್ಯೆ ಎಂಬ ಉತ್ತರವನ್ನಲ್ಲ. ವಿದ್ಯೆಯ ಹಣ ಹೇಗಿರಬೇಕು ಎಂಬ ತಿಳಿವಳಿಕೆಯನ್ನು. ಶಾಸನದ ದತ್ತಿಗೆ ನಾಲ್ಕು ಲಕ್ಷಣಗಳಿವೆ. ಮೂಲಧನ ಕರಗದು, ಅದರ ಉತ್ಪನ್ನವಷ್ಟೇ ಖರ್ಚಿಗೆ. ಉದ್ದೇಶ ಸ್ಪಷ್ಟ: ಅಂಗಭೋಗಕ್ಕೆ ಇಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು, ಆಹಾರದಾನಕ್ಕೆ ಇಷ್ಟು, ವಿದ್ಯಾದಾನಕ್ಕೆ ಇಷ್ಟು. ಹಣ ಮೊದಲು ತಲುಪುವುದು ಮನುಷ್ಯನಿಗೆ, ಕಲ್ಲಿಗಲ್ಲ. ಲೆಕ್ಕ ಊರಿನ ನಡುವೆ ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿರುತ್ತದೆ.

ವಿದ್ಯೆಯನ್ನು ಬಹುಜನರಿಗೆ ತೆರೆದ ಆಧುನಿಕರೂ ಇದೇ ಮಾರ್ಗ ಹಿಡಿದರು. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಕಟ್ಟಿದ್ದು ಮೊದಲು ಒಂದು ನಿಧಿಯನ್ನು, ಕಟ್ಟಡವನ್ನಲ್ಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬಿಟ್ಟುಹೋದರು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆ ವಿದ್ಯಾರ್ಥಿನಿಲಯಗಳನ್ನೂ ವಿದ್ಯಾರ್ಥಿವೇತನ ನಿಧಿಯನ್ನೂ ಕಟ್ಟಿತು. ಹೊಲದ ಮನೆಗಳಿಂದ ಬಂದ ಮಕ್ಕಳು ಅಲ್ಲಿ ಉಂಡು ಓದಿದರು. 1916ರಲ್ಲಿ ಏಳು ಮಂದಿ ಶಿಕ್ಷಕರು ಆರಂಭಿಸಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಗೆ ಒದಗಿದ ದಾನಗಳನ್ನು ಉತ್ತರ ಕರ್ನಾಟಕ ಮರೆತಿಲ್ಲ. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜು ಆ ಸಂಸ್ಥೆಯದೇ. ಇವರಲ್ಲಿ ಯಾರೂ ದೆಹಲಿಯ ಅಧಿಸೂಚನೆಗೆ ಕಾದಿರಲಿಲ್ಲ.

ಹಾಗಾದರೆ ಇಂದು ದಾನಿಗಳು ಕಡಮೆಯಾದರೇ? ಇಲ್ಲ. ದಾನದ ದಿಕ್ಕು ಬದಲಾಯಿತು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ, ವಿಶ್ವವಿದ್ಯಾಲಯಗಳಲ್ಲಿ ನೂರಾರು ದತ್ತಿಗಳಿವೆ. ತಂದೆತಾಯಿಯ ಹೆಸರಿನಲ್ಲಿ, ಗುರುವಿನ ಹೆಸರಿನಲ್ಲಿ ಜನ ಪ್ರೀತಿಯಿಂದ ಇಟ್ಟ ಹಣ ಅದು. ಅದರ ಬಡ್ಡಿಯಿಂದ ನಡೆಯುವುದೇನು? ವರ್ಷಕ್ಕೊಂದು ಉಪನ್ಯಾಸ, ಇಲ್ಲವೇ ಒಂದು ಚಿನ್ನದ ಪದಕ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲತಾಂಬೂಲ, ನಲವತ್ತು ನಿಮಿಷದ ಭಾಷಣ, ವಂದನಾರ್ಪಣೆ. ಬಡ್ಡಿದರ ಇಳಿದು ಎಷ್ಟೋ ದತ್ತಿಗಳಲ್ಲಿ ಇಂದು ಬರುವ ಹಣ ಶಾಲಿಗೂ ಹಾರಕ್ಕೂ ಸರಿಹೋಗುತ್ತದೆ. ಶೇಕಡಾ 12ರ ಬಡ್ಡಿಯ ಕಾಲದಲ್ಲಿ ಇಟ್ಟ ಹತ್ತು ಸಾವಿರ ವರ್ಷಕ್ಕೆ 1,200 ತರುತ್ತಿತ್ತು; ಶೇಕಡಾ 7ರಲ್ಲಿ 700. ದತ್ತಿಯೆಂಬ ಸಂಸ್ಥೆ ಸತ್ತಿಲ್ಲ. ಅದು ವಿದ್ಯೆಯಿಂದ ಸಮಾರಂಭಕ್ಕೆ ವರ್ಗವಾಗಿದೆ. ಮಾತನಾಡಿದವನಿಗೆ ಸನ್ಮಾನವಿದೆ, ಮಾತಿಗೆ ಮೊದಲು ಆರು ತಿಂಗಳು ಕ್ಷೇತ್ರಕಾರ್ಯ ಮಾಡುವವನಿಗೆ ಬಸ್ಸಿನ ಖರ್ಚಿಲ್ಲ.

ಸಮಾಜದ ಒಳಗೂ ಇದೇ ಸ್ಥಿತಿ. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಅಭಿಷೇಕದ ಸವಾಲಿಗೆ ಶ್ರಾವಕರು ಲಕ್ಷಗಳನ್ನು ಕೂಗುತ್ತಾರೆ. ಅದು ಅವರ ಭಕ್ತಿ, ಅದನ್ನು ಆಡಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಶ್ರುತಪಂಚಮಿಯ ದಿನ ಗ್ರಂಥಗಳನ್ನು ಪಲ್ಲಕ್ಕಿಯಲ್ಲಿಟ್ಟು ಮೆರೆಸಿ, ಮರುದಿನ ಅದೇ ಗ್ರಂಥಗಳನ್ನು ಓದಬಲ್ಲ ಯುವಕ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದನ್ನು ನೋಡುತ್ತ ನಿಲ್ಲುವ ಸಮಾಜ ನಾಲ್ಕು ದಾನಗಳಲ್ಲಿ ಒಂದನ್ನು ಕೈಬಿಟ್ಟಿದೆ ಎಂದು ಹೇಳಲೇಬೇಕಾಗುತ್ತದೆ. ಅಮೃತಶಿಲೆಯ ಮಾನಸ್ತಂಭದ ಮೇಲೆ ದಾನಿಯ ಹೆಸರು ಉಳಿಯುತ್ತದೆ ನಿಜ. ಅತ್ತಿಮಬ್ಬೆಯ ಹೆಸರನ್ನು ಇಂದಿನವರೆಗೆ ತಂದದ್ದು ಬಸದಿ ಮತ್ತು ಬಿಂಬಗಳಷ್ಟೇ ಅಲ್ಲ, ಕವಿ ಮತ್ತು ಗ್ರಂಥ.

ದೊಡ್ಡ ಕಂಪನಿಗಳ ಕಡೆಗೆ ಕೈತೋರಿಸುವವರೂ ಇದ್ದಾರೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡಾ 2ನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಶಿಕ್ಷಣವೂ ಪರಂಪರೆಯ ರಕ್ಷಣೆಯೂ ಅದರ ಪಟ್ಟಿಯಲ್ಲಿವೆ. ಆದರೆ 2021ರ ಜನವರಿಯ ಬದಲಾವಣೆಯ ಅನಂತರ ಒಂದು ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣ ಆ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಕಂಪನಿ ಕಂಪ್ಯೂಟರು ಕೊಡಬಹುದು, ಕೋಣೆ ಕಟ್ಟಬಹುದು, ದತ್ತಿ ಇಡುವಂತಿಲ್ಲ. ಹಣ ದುರುಪಯೋಗವಾಗಬಾರದೆಂಬ ಕಾಳಜಿಯಿಂದ ಬಂದ ನಿಯಮವಿರಬಹುದು. ಪರಿಣಾಮದಲ್ಲಿ ಅದು ವಿದ್ಯೆಗೆ ಬೇಕಾದ ಒಂದೇ ಬಗೆಯ ಹಣವನ್ನು ತಡೆಯುತ್ತದೆ.

ಆದುದರಿಂದ ಬೇಕಾಗಿರುವುದು ತಾಲ್ಲೂಕು ಮಟ್ಟದ ಸಂಶೋಧನಾ ದತ್ತಿ. ಲೆಕ್ಕ ಕಠಿಣವಲ್ಲ. 250 ಮಂದಿ ತಲಾ ಹತ್ತು ಸಾವಿರ ಕೊಟ್ಟರೆ 25 ಲಕ್ಷ. ಶೇಕಡಾ 7ರ ಬಡ್ಡಿಯಲ್ಲಿ ವರ್ಷಕ್ಕೆ 1,75,000. ಬೆಲೆಯೇರಿಕೆಗೆ ಮೂಲಧನ ಸವೆಯದಂತೆ ಅದರ ಐದನೆಯ ಒಂದು ಭಾಗವನ್ನು, ಅಂದರೆ 35,000ವನ್ನು, ಮತ್ತೆ ಮೂಲಕ್ಕೆ ಸೇರಿಸಿದರೂ 1,40,000 ಉಳಿಯುತ್ತದೆ. ಒಬ್ಬ ಯುವ ಸಂಶೋಧಕನಿಗೆ ತಿಂಗಳಿಗೆ ಹತ್ತು ಸಾವಿರದಂತೆ 1,20,000. ಉಳಿದ 20,000 ಓಡಾಟಕ್ಕೆ, ಅಚ್ಚುಪಡಿಯ ಕಾಗದಕ್ಕೆ. ಇದು ಶ್ರೀಮಂತ ಜೀವನವಲ್ಲ, ಆದರೆ ಸಂಜೆಯ ಪಾಠ ಬಿಟ್ಟು ಹಳ್ಳಿ ತಿರುಗಲು ಒಬ್ಬ ಅತಿಥಿ ಉಪನ್ಯಾಸಕನಿಗೆ ಸಾಕಾದೀತು. ಮೋಟೆಬೆನ್ನೂರಿನ ಮೂರು ಕೆಲಸಗಳೂ ಹತ್ತು ವರ್ಷದೊಳಗೆ ಮುಗಿಯುತ್ತವೆ. ಆಮೇಲೆಯೂ ದತ್ತಿ ಇರುತ್ತದೆ.

250 ಮಂದಿಯನ್ನು ಹುಡುಕಲು ಬ್ಯಾಡಗಿಯ ಪೇಟೆಯೇ ಸಾಕು. ಮಧ್ಯಕಾಲದ ವರ್ತಕಸಂಘಗಳು ಮೆಣಸು, ಅಡಕೆ, ವೀಳ್ಯದೆಲೆಗಳ ಹೇರಿಗೆ ಇಷ್ಟೆಂದು ದೇವಾಲಯಕ್ಕೂ ಬಸದಿಗೂ ಮಠಕ್ಕೂ ಬಿಟ್ಟ ದಾಖಲೆಗಳು ಈ ನಾಡಿನ ಶಾಸನಗಳಲ್ಲಿ ಹೇರಳವಾಗಿವೆ. ಆ ಮೆಣಸು ಈ ಮೆಣಸಿನಕಾಯಿಯಲ್ಲ ಎಂಬುದು ಬೇರೆ ಮಾತು. ಕೊಡುವ ಕೈ ಅದೇ. ಹೆದ್ದಾರಿಯ ಬದಿಯ ಕಲ್ಯಾಣಮಂಟಪಗಳಲ್ಲಿ ನಡೆಯುವ ಮದುವೆಗಳು ಸಾಲೋಟಗಿಯ ಐದು ನಾಣ್ಯದ ಕಟ್ಟಳೆಯನ್ನು ಇಂದಿನ ಬೆಲೆಯಲ್ಲಿ ಸ್ವಯಂಪ್ರೇರಣೆಯಿಂದ ಪಾಲಿಸಿದರೆ ಮೂಲಧನ ವರ್ಷವರ್ಷವೂ ಬೆಳೆಯುತ್ತದೆ. ಆದರೆ ಕಟ್ಟುಪಾಡುಗಳು ಬೇಕು. ಈ ಹಣದಿಂದ ಸನ್ಮಾನ ಸಮಾರಂಭ ನಡೆಯಕೂಡದು. ಕಟ್ಟಡ ಕಟ್ಟಕೂಡದು. ದಾನಿಯ ಜಾತಿ, ಮತ, ಮನೆತನಗಳ ಮೇಲಲ್ಲದೆ ಕೆಲಸದ ಯೋಗ್ಯತೆಯ ಮೇಲೆ ಸಂಶೋಧಕನ ಆಯ್ಕೆಯಾಗಬೇಕು. ಖಾಯಂ ಹುದ್ದೆಯ ಷರತ್ತು ಇರಕೂಡದು. ಆಯ್ಕೆಮಂಡಲಿಯಲ್ಲಿ ಹೊರ ಜಿಲ್ಲೆಯ ವಿದ್ವಾಂಸರು ಇರಬೇಕು. ವರ್ಷಕ್ಕೊಮ್ಮೆ ಲೆಕ್ಕವನ್ನೂ ಕೆಲಸವನ್ನೂ ಊರಿನವರ ಮುಂದೆ ಓದಿ ಹೇಳಬೇಕು. ಫಲಿತಾಂಶ ಎಲ್ಲರಿಗೂ ಉಚಿತವಾಗಿ ದೊರೆಯಬೇಕು. ಈಗಾಗಲೇ ಇರುವ ಉಪನ್ಯಾಸ ದತ್ತಿಗಳನ್ನೂ ದಾನಿಗಳ ಮನೆಯವರ ಒಪ್ಪಿಗೆಯಿಂದ ಹತ್ತಿಪ್ಪತ್ತರಂತೆ ಒಗ್ಗೂಡಿಸಿ ಇಂಥ ಸಂಶೋಧನಾ ದತ್ತಿಗಳಾಗಿ ಮಾಡಬಹುದು.

ಜನರೇ ಹಣ ಕೂಡಿಸಿದರೆ ಸರ್ಕಾರ ಕೈತೊಳೆದುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಕೈತೊಳೆದುಕೊಳ್ಳಲು ಅದು ಜನರ ದತ್ತಿಗಾಗಿ ಕಾದಿಲ್ಲ. 2017ರಲ್ಲಿಯೂ 2022ರಲ್ಲಿಯೂ 2025ರಲ್ಲಿಯೂ ಅದು ಸ್ಪಷ್ಟವಾಗಿದೆ. ತಾಲ್ಲೂಕಿನಲ್ಲಿ ದತ್ತಿಯೊಂದು ನಿಂತರೆ ಸರ್ಕಾರವನ್ನು ಕೇಳುವ ದನಿ ಗಟ್ಟಿಯಾಗುತ್ತದೆ: ಜನ ಕೂಡಿಸಿದಷ್ಟನ್ನು ಸರ್ಕಾರವೂ ಮೂಲನಿಧಿಗೆ ಸೇರಿಸಲಿ, ಕಿರು ಸಂಶೋಧನಾ ಯೋಜನೆಯನ್ನು ಅತಿಥಿ ಉಪನ್ಯಾಸಕರಿಗೂ ತೆರೆದು ಮತ್ತೆ ಆರಂಭಿಸಲಿ, ಹಾವೇರಿಯ ವಿಶ್ವವಿದ್ಯಾಲಯಕ್ಕೆ ವಾರ್ಷಿಕ ಕೃಪೆಯ ಬದಲು ಕರಗದ ಮೂಲಧನ ಕೊಡಲಿ. ತೆರಿಗೆಯೂ ಜನರ ದತ್ತಿಯೇ. ಅದನ್ನು ಕೇಳುವುದು ಭಿಕ್ಷೆಯಲ್ಲ.

ಅನುದಾನ ಹುಡುಕುವುದನ್ನು ಕಲಿಸುವ ಕಾರ್ಯಾಗಾರಗಳು ನಡೆಯುತ್ತಲೇ ಇರಲಿ. ಆದರೆ ಮುಂದಿನ ಕಾರ್ಯಾಗಾರದ ವೇದಿಕೆಯ ಮೇಲೆ ದೆಹಲಿಯ ಪಟ್ಟಿ ಓದುವವರ ಪಕ್ಕದಲ್ಲಿ ಬ್ಯಾಡಗಿಯ ಒಬ್ಬ ಅಡತಿ ವರ್ತಕ, ಒಂದು ಬಸದಿಯ ಟ್ರಸ್ಟಿ, ಒಂದು ಮಠದ ಕಾರ್ಯದರ್ಶಿ, ಒಬ್ಬ ಅತಿಥಿ ಉಪನ್ಯಾಸಕ ಕೂಡಿ ಕುಳಿತಿರಲಿ. ಸಂಜೆ ಏಳುವ ಮೊದಲು ಒಂದು ಬ್ಯಾಂಕು ಖಾತೆಯ ಅರ್ಜಿಗೆ ಸಹಿ ಬಿದ್ದಿರಲಿ. ಮೋಟೆಬೆನ್ನೂರಿನ ತೊಂಬತ್ತು ದಾಟಿದ ಹಿರಿಯರ ನೆನಪಿಗೆ ಅದಕ್ಕಿಂತ ಹೆಚ್ಚು ಬಿಡುವಿಲ್ಲ.